ಹುತ್ತದ ಬಾಗಿಲು ತೆರೆದ ಸಂಜೆ

ಆ ಹುತ್ತದ ಬಾಗಿಲು ತೆರೆಯುತ್ತಿದ್ದುದು ವರ್ಷಕ್ಕೊಂದೇ ಸಂಜೆ, ಮೊದಲ ಮಳೆ ನಿಂತ ಮೇಲೆ. ರೆಕ್ಕೆ ಮೂಡಿದ ಗೆದ್ದಲುಗಳೆಲ್ಲ ಆಗಲೇ ಹೊರಗೆ ಹಾರಿ ತಮ್ಮದೇ ಹುತ್ತ ಕಟ್ಟಿಕೊಳ್ಳಬೇಕು. ಕತ್ತಲಾಗುವ ಮೊದಲು ಬಾಗಿಲಿಗೆ ಮತ್ತೆ ಮಣ್ಣು ಮೆತ್ತಿಬಿಡುವುದು ಅಲ್ಲಿಯ ಪದ್ಧತಿ.

ಬಾಗಿಲು ತೆರೆದೊಡನೆ ಎಳೆಯ ಗೆದ್ದಲೊಂದು ರೆಕ್ಕೆಯ ತೇವ ಆರುವ ಮೊದಲೇ ಹಾರಿ, ಹೊಸ್ತಿಲಾಚೆ ಬಿದ್ದಿತು. ಇರುವೆಗಳು ಅದನ್ನು ಎಳೆದುಕೊಂಡು ಹೋದವು. ಹಿಂದೆಯೇ ನಿಂತಿದ್ದ ಅದರ ಅಣ್ಣ ಇದನ್ನೆಲ್ಲ ನೋಡಿತು.

“ತಮ್ಮನಿಗೆ ಆದದ್ದು ನನಗಾಗಬಾರದು,” ಎಂದು ಅಣ್ಣ ಗೆದ್ದಲು ರೆಕ್ಕೆಗಳನ್ನು ಬಿಡಿಸಿ ಆರಲು ಬಿಟ್ಟಿತು.

“ರೆಕ್ಕೆ ಒಣಗಿದೆ, ಇನ್ನು ಹೊರಡಪ್ಪ,” ಎಂದಿತು ಬಾಗಿಲು ಕಾಯುವ ಮುದಿ ಗೆದ್ದಲು.

“ಗಾಳಿ ಯಾವ ಕಡೆಗಿದೆ ನೋಡುತ್ತೇನೆ, ಅಜ್ಜ.”

ಗಾಳಿ ನೋಡಿತು. ಇರುವೆಗಳು ಚದುರಲೆಂದು ಕಾದು ಕುಳಿತಿತು. ಅವು ಹೋದ ಮೇಲೆ ಆಕಾಶದಲ್ಲಿ ಕಾಗೆಯೊಂದು ಕಂಡಿತು. ಅದೂ ಹೋಗಲಿ ಎಂದಿತು. ಜೊತೆಗಿದ್ದವುಗಳಲ್ಲಿ ಕೆಲವು ಆ ಕಾಗೆಯ ಪಾಲಾದವು, ಮಿಕ್ಕವು ಮರಗಳಾಚೆ ಹಾರಿ ಮರೆಯಾದವು.

“ಈಗ ನಾನು ಸಿದ್ಧ,” ಎಂದು ಅದು ಮುಂದೆ ಬರುವಷ್ಟರಲ್ಲಿ ಕೆಲಸದ ಗೆದ್ದಲುಗಳು ಬಾಗಿಲು ಮೆತ್ತುತ್ತಿದ್ದವು. ಸಣ್ಣದೊಂದು ಕಿಂಡಿ ಮಾತ್ರ ಉಳಿದಿತ್ತು.

“ಅಜ್ಜ, ನನ್ನ ರೆಕ್ಕೆಯಲ್ಲಿ ಒಂದು ಕೊರತೆಯೂ ಇಲ್ಲ.”

“ಇಲ್ಲ, ನಿಜ. ಆದರೆ ಒಳಗಿನ ಓಣಿಗಳಲ್ಲಿ ಅದು ಅಡ್ಡ ಬರುತ್ತದೆ, ಕಳಚಿಡು,” ಎಂದು ಮುದಿ ಗೆದ್ದಲು ಅದರ ಬಾಯಿಗೆ ಮಣ್ಣಿನ ಉಂಡೆ ಕೊಟ್ಟಿತು.

ಅದು ರೆಕ್ಕೆ ಕಳಚಿಟ್ಟು, ಎಲ್ಲಿಯೂ ಬಿರುಕು ಉಳಿಯದಂತೆ, ಬಹಳ ಎಚ್ಚರಿಕೆಯಿಂದ ಆ ಕಿಂಡಿಯನ್ನು ಮುಚ್ಚಿತು.