ಕಣಕ್ಕೆ ಬಂದ ಸಾಹುಕಾರ

ಇನ್ನೂ ಕೋಪ ಹೋಗಿಲ್ವಾ ನಿಂಗೆ? ಗೋಡೆ ಕಡೆ ಮುಖ ಮಾಡ್ಕೊಂಡು ಮಲಗಿದ್ದೀಯಲ್ಲ. ಹೌದು ಕಣೆ ತನು, ಸಾಯಂಕಾಲ ಕೈಮೇಲೆ ಹೊಡೆದೆ, ತಪ್ಪೇ ನಂದು. ಪೇಂಟ್ ಡಬ್ಬದಲ್ಲಿರೋ ರಾಗಿ ತೆನೆ ಮುರಿದ್ರೆ ಅಜ್ಜಿಗ್ಯಾಕೆ ಅಷ್ಟು ಸಿಟ್ಟು ಅಂತ ಅಳ್ತಾ ಕೇಳಿದ್ಯಲ್ಲ, ಹೇಳ್ತೀನಿ, ಈ ಕಡೆ ತಿರುಗು. ತಿರುಗಲ್ವಾ? ಸರಿ ಬಿಡು, ನಿನ್ನ ಬೆನ್ನಿಗೇ ಹೇಳ್ತೀನಿ. ಹೂಂ ಅಂತಿದ್ರೆ ಸಾಕು.

ಹೊಲಕ್ಕೆಲ್ಲ ಬದು ಇದ್ದ ಕಾಲದಲ್ಲಿ, ಒಂದೂರಲ್ಲಿ, ಗಿಡ್ಡಯ್ಯ ಅಂತ ಒಬ್ಬ ಇದ್ದನಂತೆ. ಅವನಿಗೆ ಮೂರೆಕರೆ ಹೊಲ, ಒಂದು ಜೊತೆ ಎತ್ತು, ಮೂರು ಜನ ಮಕ್ಕಳು. ದೊಡ್ಡೀರ, ಚಿಕ್ಕೀರ ಅಂತ ಇಬ್ಬರು ಗಂಡುಮಕ್ಕಳು, ಆಮೇಲೆ ಒಬ್ಬಳು ಮಗಳು. ಅವಳ ಹೆಸರು ಇರಲಿ ಬಿಡು. ತಾಯಿ ಇಲ್ಲದ ಮನೆ, ಮಗಳೇ ಮುದ್ದೆ ತಿರುವಬೇಕು, ಮಗಳೇ ಬೀಜ ಕಾಯಬೇಕು. ಬಿತ್ತನೆ ರಾಗಿನ ಬೂದಿ ಬೆರೆಸಿ, ಹುಳ ಹಿಡೀದಂಗೆ ಲಕ್ಕಿ ಸೊಪ್ಪು ಹಾಕಿ, ಮಣ್ಣಿನ ಗುಡಾಣದಲ್ಲಿ ಇಟ್ಟು ಬಾಯಿ ಮೆತ್ತಿದರೆ ಆಯ್ತು, ಮಳೆಗಾಲದವರೆಗೆ ಅದನ್ನ ಯಾರೂ ಮುಟ್ಟೋ ಹಂಗಿಲ್ಲ. ಹಸಿವಾದರೂ ಮುಟ್ಟೋ ಹಂಗಿಲ್ಲ.

ಆ ಊರಲ್ಲಿ ಒಂದು ಪದ್ಧತಿ ಇತ್ತಂತೆ. ಸುಗ್ಗೀಲಿ ರಾಗಿ ಬಡಿದು ಕಣದಲ್ಲಿ ರಾಶಿ ಹಾಕಿದಾಗ ಯಾರು ಬಂದು ಕೈ ಚಾಚಿದರೂ ಇಲ್ಲ ಅನ್ನಬಾರದು. ಬುಡುಬುಡಿಕೆಯವನು ಬರಲಿ, ಜಗಳ ಆಡಿದ ಪಕ್ಕದ ಹೊಲದವನೇ ಬರಲಿ, ಮೊರದಲ್ಲಿ ತುಂಬಿ ಕೊಡಬೇಕು. ಕಣದಿಂದ ಬರಿಗೈಲಿ ಯಾರೂ ಹೋಗಬಾರದು. ಗಿಡ್ಡಯ್ಯ ಅಂತೂ ಆ ಮಾತು ಬಂದರೆ ಎದೆ ಉಬ್ಬಿಸಿ, ನಮ್ಮ ತಾತನ ಕಾಲದಿಂದ ನಮ್ಮ ಕಣದಲ್ಲಿ ಇಲ್ಲ ಅನ್ನೋ ಮಾತೇ ಹುಟ್ಟಿಲ್ಲ ಅನ್ನೋನಂತೆ. ಪಾಪ, ಅಷ್ಟೇ ಅವನ ಶ್ರೀಮಂತಿಕೆ.

ಒಂದು ಸುಗ್ಗೀಲಿ ಆ ಕಣಕ್ಕೆ ಒಬ್ಬ ಸಾಹುಕಾರ ಬಂದನಂತೆ. ಸಾವಿರ ಎಕರೆ ಸಾಹುಕಾರ ಅಂತಲೇ ಅವನ ಹೆಸರು. ಗಿಡ್ಡಯ್ಯನ ಹೊಲದ ಸುತ್ತ ಇದ್ದ ಹೊಲಗಳನ್ನೆಲ್ಲ ಒಂದೊಂದಾಗಿ ಕೊಂಡಿದ್ದ. ಬಂದವನು ಕಣದ ಅಂಚಲ್ಲಿ ಬೂಟು ಬಿಚ್ಚಿ, ರಾಶಿಗೆ ಕೈಮುಗಿದನಂತೆ. ಎಷ್ಟು ಒಳ್ಳೆಯವನಪ್ಪ ಅಂತ ಗಿಡ್ಡಯ್ಯ ಮೊರದ ತುಂಬ ರಾಗಿ ತುಂಬಿದರೆ, ನಂಗೆ ರಾಗಿ ಬೇಡ ಗಿಡ್ಡಯ್ಯನೋರೇ, ನಿಮ್ಮ ಹೊಲಕ್ಕೂ ನಮ್ಮ ಹೊಲಕ್ಕೂ ಮಧ್ಯೆ ಬದು ಇದೆಯಲ್ಲ, ಅದನ್ನ ಕೊಡಿ, ನನ್ನ ಕಬ್ಬಿಣದ ಎತ್ತು ತಿರುಗೋಕೆ ಜಾಗ ಸಾಲಲ್ಲ ಅಂದನಂತೆ. ಟ್ರ್ಯಾಕ್ಟರ್ ಕಣೆ, ನಗ್ತೀಯಾ! ನಗು, ನಗು, ಕೋಪ ಇಳೀತು ಅಂತಾಯ್ತು.

ಗಿಡ್ಡಯ್ಯ ಮೊರ ಕೆಳಗಿಟ್ಟು ಬದುವಿನ ಕಡೆ ನೋಡಿದನಂತೆ. ಬದು ಅಂದರೆ ಹುಲ್ಲು, ಬದು ಅಂದರೆ ಹೊಂಗೆ ಮರದ ನೆರಳು, ಮಳೆ ನೀರು ನಿಲ್ಲೋದೂ ಬದುವಿನಿಂದಲೇ. ಆದರೆ ಕಣದಲ್ಲಿ ನಿಂತು ಕೇಳಿಬಿಟ್ಟನಲ್ಲ! ಆಗಲಿ ಸ್ವಾಮಿ ಅಂದುಬಿಟ್ಟ. ಆಮೇಲೆ ಏನಾಯ್ತು, ಆ ವರ್ಷದ ಮಳೆಗೆ ಮೇಲ್ಮಣ್ಣೆಲ್ಲ ಕೊಚ್ಚಿಕೊಂಡು ಹೋಗಿ, ರಾಗಿ ಪೈರು ಮೊಣಕಾಲುದ್ದ ಕೂಡ ಬರಲಿಲ್ಲವಂತೆ.

ಆಮೇಲೆ ಎರಡನೇ ಸುಗ್ಗಿ. ರಾಶಿ ಇಷ್ಟೇ ಇಷ್ಟು. ಸಾಹುಕಾರ ಮತ್ತೆ ಬಂದ. ಈ ಸಲ ಒಂದು ಬೂಟು ಬಿಚ್ಚಿದ, ಇನ್ನೊಂದು ಹಂಗೇ ಇತ್ತಂತೆ. ರಾಗಿ ಬೇಡ ಗಿಡ್ಡಯ್ಯ, ನಿನ್ನ ಗಂಡುಮಕ್ಕಳನ್ನ ಕೊಡು, ಈ ರಾಶೀಲಿ ನಾಲ್ಕು ಹೊಟ್ಟೆ ಹೆಂಗೆ ತುಂಬುತ್ತೆ ಅಂದನಂತೆ. ಮಾತೇನೋ ನಿಜವೇ. ಆಗಲಿ ಅಂದ. ದೊಡ್ಡೀರ ಕಬ್ಬಿಣದ ಎತ್ತು ಓಡಿಸೋಕೆ ಹೋದ, ಚಿಕ್ಕೀರ ಶೆಡ್ಡಲ್ಲಿ ಮೂಟೆ ಹೊರೋಕೆ ಹೋದ. ಆ ವರ್ಷ ಮಗಳೇ ಸೆರಗು ಬಿಗಿದು, ಗಂಡಸರ ಥರ ಅಪ್ಪನ ಜೊತೆ ಬಿತ್ತೋ ಕೂರಿಗೆ ಹಿಡಿದಳಂತೆ.

ಹೂಂ ಅನ್ನೇ. ಮಲಗಿಬಿಟ್ಯಾ? ಇಲ್ಲ ತಾನೆ. ಸರಿ.

ಮೂರನೇ ಸುಗ್ಗೀಲಿ ಸಾಹುಕಾರ ಬೂಟುಗಾಲಲ್ಲೇ ಕಣ ತುಳಿದನಂತೆ. ಸಗಣಿ ಹಾಕಿ ಸಾರಿಸಿದ ಕಣ, ನೋಡು! ಬಂದವನು, ಗಿಡ್ಡಾ, ನಿನ್ನ ಬಿತ್ತನೆ ಬೀಜ ಕೊಡು, ವರ್ಷಾ ವರ್ಷಾ ಬಣ್ಣದ ಪೊಟ್ಟಣದಲ್ಲಿ ನಾನೇ ನಿಂಗೆ ಬೀಜ ಕೊಡ್ತೀನಿ ಅಂದನಂತೆ. ಪೊಟ್ಟಣದ ಬೀಜ ಒಂದು ಸಲ ಚೆನ್ನಾಗಿ ಬೆಳೆಯುತ್ತೆ ಕಣೆ, ಅದರ ಕಾಳನ್ನೇ ಎತ್ತಿಟ್ಟು ಮತ್ತೆ ಬಿತ್ತಿದರೆ ಮೊದಲಿನ ಹಂಗೆ ಬರಲ್ಲ, ಮತ್ತೆ ಅವನ ಬಾಗಿಲಿಗೇ ಹೋಗಬೇಕು. ಅಪ್ಪಂಗೆ ಅದು ಗೊತ್ತಿತ್ತು. ಗೊತ್ತಿದ್ದೂ ಒಳಗೆ ಹೋಗಿ ಗುಡಾಣ ಎತ್ತಿಕೊಂಡು ಬಂದ. ನಾನು ಅಡ್ಡ ನಿಂತೆ.

ಹಾಂ, ನಾನೇ. ಬಾಯಿ ತಪ್ಪಿ ಬಂತು, ಬರಲಿ ಬಿಡು.

ನಾನು ಗುಡಾಣ ಕಿತ್ತುಕೊಂಡು ಎದೆಗೆ ಒತ್ತಿಕೊಂಡು, ಇಲ್ಲ, ಕೊಡಲ್ಲ, ಹೋಗು ಅಂದೆ. ಸಾಹುಕಾರ ಏನೂ ಸಿಟ್ಟು ಮಾಡ್ಕೊಳ್ಳಲಿಲ್ಲ. ಇಟ್ಕೊಳ್ಳಮ್ಮ, ಎಲ್ಲಿ ಬಿತ್ತುತೀಯೋ ನೋಡೋಣ ಅಂತ ನಕ್ಕು ಹೊರಟುಹೋದ. ಅಪ್ಪ ಮಾತ್ರ ಅಲ್ಲೇ ರಾಶಿ ಪಕ್ಕ ಕುಸಿದು ಕೂತು, ನನ್ನ ಮಾನ ತೆಗೆದೆಯಲ್ಲೇ, ನಮ್ಮ ಕಣದಿಂದ ಒಬ್ಬ ಬರಿಗೈಲಿ ಹೋದನಲ್ಲೇ ಅಂತ ಮುಖ ಮುಚ್ಚಿಕೊಂಡ. ಮಳೆ ಬರೋವರೆಗೂ ನನ್ನ ಜೊತೆ ಮಾತಾಡಲಿಲ್ಲ.

ಮಳೆ ಬಂತು. ಬೀಜ ಕಟ್ಟಿಕೊಂಡು, ಎತ್ತು ಹೊಡ್ಕೊಂಡು ಇಬ್ಬರೂ ಹೊರಟ್ವಿ. ಹೋದರೆ ಬಂಡಿ ದಾರಿನೇ ಇಲ್ಲ. ಅದನ್ನೂ ಉಳ್ತಾ ಇದ್ದಾರೆ. ಉಳ್ತಾ ಇರೋನು ಯಾರು ಅಂತೀಯಾ? ನಮ್ಮ ದೊಡ್ಡೀರಣ್ಣ. ಅಪ್ಪಾ, ಪಕ್ಕಕ್ಕೆ ಬಾ, ಯಜಮಾನರು ನೋಡ್ತಾ ಇದಾರೆ ಅಂದ. ಅಷ್ಟೇ ಅಂದ, ನಮ್ಮ ಮುಖ ನೋಡಲಿಲ್ಲ. ಅತ್ತ ಕಡೆ ಕಣ್ಣು ಹಾಯಿಸಿದಷ್ಟು ದೂರ ಬೋರ್‌ವೆಲ್ ನೀರಲ್ಲಿ ಬೆಳೆದ ಮುಸುಕಿನ ಜೋಳ, ಒಂದೇ ಸಮ, ನಮ್ಮ ಹೊಲವೂ ಅದರೊಳಗೇ ಸೇರಿಹೋಗಿತ್ತು. ಸಾಹುಕಾರ ಕಾರಿಂದ ಇಳಿದು ಬಂದು, ನಿಮ್ಮ ಹೊಲ ನಿಮ್ಮದೇ ಗಿಡ್ಡಯ್ಯ, ನಾನ್ಯಾಕೆ ಬೇಡ ಅನ್ನಲಿ, ಎಲ್ಲಿಂದ ಎಲ್ಲಿಗೆ ಅಂತ ತೋರಿಸಿ, ಬಿಟ್ಟುಕೊಡ್ತೀನಿ ಅಂದ.

ಬದು ಇಲ್ಲದ ಹೊಲ, ಹೊಂಗೆ ಮರಾನೂ ಇಲ್ಲ, ಏನಂತ ತೋರಿಸೋದು? ಅಪ್ಪ ಚಪ್ಪಲಿ ಬಿಟ್ಟು ಜೋಳದೊಳಗೆ ನುಗ್ಗಿದ. ಅಂಗಾಲಿಗೆ ನಮ್ಮ ಮಣ್ಣು ಗೊತ್ತಾಗುತ್ತೆ ಅಂದ. ಮಧ್ಯಾಹ್ನದವರೆಗೂ ನಡೆದ ಕಣೆ. ಇಲ್ಲೇ ಅನ್ನೋನು, ಅಲ್ಲ ಅನ್ನೋನು, ಮತ್ತೆ ನಡೆಯೋನು. ಕೊನೆಗೆ ಬಂದು ನನ್ನ ಪಕ್ಕ ಕೂತು, ಇಲ್ಲ ಅನ್ನೋ ಮಾತನ್ನ ನೀನು ಮೊದಲನೇ ವರ್ಷವೇ ಅಂದಿದ್ದರೆ ಆಗ್ತಿತ್ತು ಕಣವ್ವ, ನಂಗೆ ಬಾಯಿ ಬರಲಿಲ್ಲ ಅಂದ. ಮುಂದಿನ ಮಳೆಗೆ ಅಪ್ಪ ಇರಲಿಲ್ಲ.

ಬೀಜ ಉಳೀತು, ಹೊಲ ಹೋಯ್ತು. ಬಿತ್ತದೆ ಇಟ್ಟರೆ ಬೀಜ ಸಾಯುತ್ತೆ. ಅದಕ್ಕೇ ವರ್ಷಾ ವರ್ಷಾ ಒಡೆದ ಮಡಕೇಲಿ, ಚರಂಡಿ ಪಕ್ಕದಲ್ಲಿ, ಈಗ ಈ ಸಾಲುಮನೆ ಮುಂದೆ ಪೇಂಟ್ ಡಬ್ಬದಲ್ಲಿ, ಒಂದು ಹಿಡಿ ಹಾಕಿ ಒಂದು ಹಿಡಿ ತೆಗೀತೀನಿ. ಯಾರು ಕೇಳಿದರೂ ಇಲ್ಲ ಅಂದೆ. ಇಲ್ಲ ಅಂದು ಅಂದು ಅದೇ ಬಾಯಿಗೆ ಅಂಟಿಕೊಂಡುಬಿಡ್ತು ನೋಡು, ಗುಬ್ಬಿಗೆ ಹಾಕೋಕೆ ಒಂದು ತೆನೆ ಮುರಿದ ಕೂಸಿಗೂ ಹೊಡೆದೆ. ಅಪ್ಪ ಇದ್ದಿದ್ದರೆ ನನ್ನ ಮುಖ ನೋಡ್ತಿರಲಿಲ್ಲ.

ಏಳು, ಕೈ ನೀಡು. ಒಂದಲ್ಲ, ಎರಡೂ. ಹೋದ ವರ್ಷದ್ದು ಇದು, ಸೆರಗಲ್ಲಿ ಕಟ್ಟಿಕೊಂಡೇ ಇದ್ದೆ. ನಮ್ಮ ಕಣಕ್ಕೆ ಇಷ್ಟು ವರ್ಷದ ಮೇಲೆ ಬಂದವಳು ನೀನೊಬ್ಬಳೇ. ಚೆಲ್ಲಬೇಡ, ಬೆರಳು ಬಿಗಿ ಮಾಡು.

ಏನು? ಇಷ್ಟು ರಾಗಿನ ಎಲ್ಲಿ ಬಿತ್ತೋದು ಅಂತಾನಾ?

ಕಣ್ಣು ಮುಚ್ಚು ಮಗಳೇ. ಅವರೆಲ್ಲ ಅಲ್ಲಿ ಹೆಂಗಿದಾರೋ ಗೊತ್ತಿಲ್ಲ, ನಾವಿಲ್ಲಿ ಹಿಂಗಿದ್ದೀವಿ. ನನ್ನ ಕತೆ ಇಷ್ಟೇ, ಮುಗೀತು.