ರಾಜನ ಪಕ್ಕದ ಏಳು

ಬೆನ್ನ ಮೇಲೆ ರಾಮನ ಬೆರಳಿನ ಗೆರೆಯಿದ್ದರೂ ಅಳಿಲಿಗೆ ಇಸ್ಪೀಟಿನ ಚಟ ಅಂಟಿತ್ತು. ಒಂದು ಕಡಲೆಕಾಯಿಯಿಂದ ಶುರುವಾಗುವ ಸಣ್ಣ ಆಟ; ಆದರೆ ಪಣಕ್ಕೆ ಮಿತಿಯಿಲ್ಲ. ಅದರ ಕೈಗೆ ರಾಜನೂ ಏಳೂ ಬಂದವು.

"ಒಡೆಯಾ, ಈ ಆಟ ಬಿಟ್ಟು ಈಗಲೇ ನಮ್ಮನ್ನು ಕೆಳಗಿಡಲು ಅಳಿಲಿಗೆ ಹೇಳಿ. ನಾನು ಆಸರೆಯಾಗಲಾರೆ" ಎಂದು ಏಳು ರಾಜನನ್ನು ಬೇಡಿತು.

"ರಾಜನಿರುವ ಕೈಯನ್ನು ಯಾರು ಬಿಡುತ್ತಾರೋ, ಹೇಡಿ!" ಎಂದು ರಾಜ ಗದರಿದನು.

ಇಬ್ಬರ ಕೈಗೂ ಸೇರುವಂತೆ ನಡುವೆ ಮಗುಚಿದ ಎಲೆಯೂ ರಾಜನೇ; ಅಳಿಲಿಗೆ ರಾಜರ ಜೋಡಿಯಾಯಿತು. ಅಳಿಲು ಹಿಗ್ಗಿ, ಮರಿಗಳ ಮಳೆಗಾಲಕ್ಕೆಂದು ಕೂಡಿಟ್ಟ ಕಾಯನ್ನೆಲ್ಲ ಒಡ್ಡಿತು. ಎದುರಿನ ಮುಂಗುಸಿ ಕೈ ಬಿಚ್ಚಿತು: ಅಲ್ಲೂ ರಾಜ, ಪಕ್ಕದಲ್ಲಿ ಎಕ್ಕ. ರಾಜರ ಜೋಡಿ ಸಮವಾಯಿತು, ಪಕ್ಕದ ಎಲೆಯಲ್ಲೇ ತೀರ್ಪು; ಎಕ್ಕದ ಮುಂದೆ ಏಳು ನಿಲ್ಲಲಿಲ್ಲ.

"ನಿನ್ನಿಂದ ಕೆಟ್ಟೆ" ಎಂದನು ರಾಜ.

ಮತ್ತೆ ಎಲೆ ಹಂಚಿದರು. ಅದೇ ಏಳು ಅಳಿಲಿಗೇ ಬಂತು, ಈ ಸಲ ರಾಣಿಯ ಜೊತೆ.

"ರಾಜ ಹೋದರೇನು, ರಾಣಿಯಾದರೂ ಬಂದಳಲ್ಲ!" ಎನ್ನುತ್ತ ಅಳಿಲು ಮರಿಗಳು ಮಲಗಿದ್ದ ಗೂಡನ್ನೇ ಒಡ್ಡಿತು.

ಏಳು ರಾಣಿಯ ಬೆನ್ನ ಹಿಂದೆ ಸರಿದು ಅವಿತುಕೊಂಡಿತು.