ಮೊದಲ ಸರದಿಯ ಸ್ನಾನ

“ತಾಯಿ, ಯಾರೂ ಗಲೀಜು ಮಾಡದ ಮಠ ಎಲ್ಲಿದೆ?” ಎಂದು ಶಿಷ್ಯ ಕೇಳಿದ.

ಅವನು ತನ್ನ ಕೋಣೆಯ ಬಾಗಿಲು ಎಳೆದುಕೊಂಡು, ಬಟ್ಟೆಯ ಗಂಟು ಬಗಲಿಗಿಟ್ಟುಕೊಂಡು ಬಂದಿದ್ದ. ಇಲ್ಲಿನ ಬಾವಿಕಟ್ಟೆಯಲ್ಲಿ ಕಂಡವರೆಲ್ಲ ಕಾಲು ತೊಳೆಯುತ್ತಾರೆ, ಪಡಸಾಲೆಯಲ್ಲಿ ಹೋಗಿ ಬರುವವರೆಲ್ಲ ಮಲಗುತ್ತಾರೆ, ತನಗೆ ಮನಸ್ಸು ನಿಲ್ಲುವುದಿಲ್ಲ ಎಂದ. ಶುದ್ಧವಾದ ಜಾಗವೊಂದನ್ನು ತಾಯಿಯೇ ಆರಿಸಿ ಹೇಳಬೇಕು ಎಂದ.

ಗುರುತಾಯಿ ಎಲೆಯಡಿಕೆ ಬಾಯಿಗೆ ಹಾಕಿಕೊಂಡರು.

“ಕೂತುಕೋ ಮಗಾ. ಜಾಗ ಆರಿಸಿದವನೊಬ್ಬನ ಕತೆ ಇದೆ. ಹೇಳಬಾರದ ಕತೆ. ಆದರೂ ಹೇಳುತ್ತೇನೆ.”

ಒಬ್ಬ ವರ್ತಕನಿದ್ದ. ಅವನ ಹೆಂಡತಿಗೆ ಮಂಡಿನೋವು. ಕೂತರೆ ಏಳಲಾಗದು, ಎದ್ದರೆ ಕೂರಲಾಗದು. ಜಪಾನ್ ದೇಶದಲ್ಲಿ ನೆಲದೊಳಗಿಂದ ಬಿಸಿನೀರು ಉಕ್ಕುತ್ತದೆ, ಅದರಲ್ಲಿ ಕತ್ತಿನವರೆಗೆ ಕೂತರೆ ಹಿಡಿದ ಕೀಲು ಬಿಡುತ್ತದೆ ಎಂದು ಯಾರೋ ಅವಳ ಕಿವಿಗೆ ಹಾಕಿದ್ದರು. ಅಂದಿನಿಂದ ಅವಳಿಗೆ ಅದೇ ಧ್ಯಾನ. ಮನೆಯಲ್ಲಿ ಹಂಡೆಯ ಕಾದ ನೀರೆಲ್ಲ ಗಂಡನದು, ತಳದ ಉಗುರುಬೆಚ್ಚನೆ ನೀರು ಅವಳದು. ಒಂದು ಸಲವಾದರೂ ಮೈತುಂಬ ಬಿಸಿನೀರು ಕಾಣಬೇಕು ಎಂದು ಅವಳ ಆಸೆ. ವರ್ತಕ ಕೊನೆಗೆ ಒಪ್ಪಿದ. ರಜೆಗೆ ಅಲ್ಲಿಗೇ ಹೋಗೋಣ, ಆದರೆ ಹೋಟೆಲು ಆರಿಸುವವನು ನಾನು ಎಂದ.

ಆರಿಸಿದ ನೋಡು. ಹೆಣ್ಣು ನೋಡಲು ಹೋದಾಗಲೂ ಅವನು ಅಷ್ಟು ಕೊಂಕು ತೆಗೆದಿರಲಿಲ್ಲ. ಸ್ಟೇಷನ್ನಿನ ಎದುರಿಗೇ ಇರುವ, ಲಿಫ್ಟ್ ಇರುವ ಹೋಟೆಲನ್ನು ಹೆಂಡತಿ ತೋರಿಸಿದಳು. ಅಲ್ಲಿನ ಕೊಳಕ್ಕೆ ಊರೆಲ್ಲ ಇಳಿಯುತ್ತದೆ, ಬೇಡ ಎಂದ. ಕೋಣೆಯೊಳಗೇ ತೊಟ್ಟಿ ಇರುವುದನ್ನು ತೋರಿಸಿದಳು. ನಿನ್ನೆ ಅದರಲ್ಲಿ ಯಾವನು ಕೂತಿದ್ದನೋ ಎಂದು ಮೂಗು ಮುರಿದ. ಫೋನು ಮಾಡಿಸಿದ ಕಡೆಯಲ್ಲೆಲ್ಲ ಅವನದು ಒಂದೇ ಪ್ರಶ್ನೆ, ತನಗಿಂತ ಮೊದಲು ಯಾರು ಇಳಿದಿರುತ್ತಾರೆ ಎಂದು.

ಕೊನೆಗೆ ಗುಡ್ಡದ ಮೇಲೊಂದು ಸಣ್ಣ ಹೋಟೆಲು ಅವನ ಮನಸ್ಸಿಗೆ ಬಂತು. ಒಡತಿ ಒಬ್ಬ ಮುದುಕಿ. ಇದ್ದದ್ದು ಒಂದೇ ಕೊಳ, ಒಂದೊಂದು ಸಂಸಾರಕ್ಕೆ ಒಂದೊಂದು ಸರದಿ. ರಜೆಯ ಕೊನೆಯ ದಿನ ಇವರು ಅಲ್ಲಿಗೆ ಮುಟ್ಟಿದರು. ಹಿಂದಿನ ದಿನವಷ್ಟೇ ಕೊಳ ಬರಿದು ಮಾಡಿ, ಉಜ್ಜಿ, ಹೊಸ ನೀರು ತುಂಬಲು ಬಿಟ್ಟಿದ್ದರು. ಮೊದಲ ಸರದಿ ವರ್ತಕನದು. ಹೆಂಡತಿ ಮಂಡಿ ಹಿಡಿದುಕೊಂಡು ಗುಡ್ಡದ ಮೆಟ್ಟಿಲು ಹತ್ತಿದಳು. ಮೇಲೆ ನೀರಿದೆಯಲ್ಲ ಎಂದುಕೊಂಡೇ ಹತ್ತಿದಳು.

ಮುದುಕಿ ಇಬ್ಬರಿಗೂ ಅಲ್ಲಿನ ಪದ್ಧತಿ ತೋರಿಸಿಕೊಟ್ಟಳು. ಕೊಳದ ಹೊರಗೆ ಮಣೆಯ ಮೇಲೆ ಕೂತು, ಸೋಪು ಹಚ್ಚಿ ಮೈ ತೊಳೆದುಕೊಳ್ಳಬೇಕು. ಕೊಳೆಯೆಲ್ಲ ಹೋದ ಮೇಲೆ ಕೊಳಕ್ಕಿಳಿಯಬೇಕು. ಎಲ್ಲರಿಗೂ ಅದೇ ನೀರು. ವರ್ತಕ ತಲೆಯಾಡಿಸಿದ. ಹೆಂಡತಿಯನ್ನು ಬಾಗಿಲಲ್ಲಿ ನಿಲ್ಲಿಸಿ, ನೀನು ಆಮೇಲೆ ಬಾ ಎಂದು ಒಳಗಿನಿಂದ ಚಿಲಕ ಹಾಕಿಕೊಂಡ.

ಅವಳು ಟವೆಲು ಹಿಡಿದು ನಿಂತಳು. ಒಳಗೆ ಗಂಡ ಹಾಡಿಕೊಳ್ಳುವುದು ಕೇಳಿಸಿತು. ಬಹಳ ಹೊತ್ತಾದ ಮೇಲೆ ಅವನು ಕೆಂಪಗೆ, ಮಿರಮಿರ ಮಿಂಚುತ್ತ ಬಂದ. ಅವಳು ಒಳಗೆ ಕಾಲಿಟ್ಟಳು. ಇಟ್ಟ ಕಾಲು ಅಲ್ಲೇ ನಿಂತಿತು.

ಆ ಪುಣ್ಯಾತ್ಮ ಊರಿಂದ ಎಳ್ಳೆಣ್ಣೆ, ಸೀಗೆಪುಡಿ ಕಟ್ಟಿಕೊಂಡು ಬಂದಿದ್ದ. ಒಲೆ ಉರಿಸದೆ ಇಷ್ಟು ಬಿಸಿನೀರು ಸಿಕ್ಕಿದೆ, ಒಂದು ಎಣ್ಣೆಸ್ನಾನ ಆಗಿಬಿಡಲಿ ಎಂದು ತಲೆಯಿಂದ ಪಾದದವರೆಗೆ ಎಣ್ಣೆ ಬಳಿದುಕೊಂಡು, ಕೊಳದೊಳಗೇ ಕೂತು, ಸೀಗೆಪುಡಿ ಹಾಕಿ ಉಜ್ಜಿಕೊಂಡಿದ್ದ. ನೀರು ರಾಗಿ ಅಂಬಲಿಯಾಗಿತ್ತು. ಮೇಲೆ ಎಣ್ಣೆ ಕಣ್ಣು ಕಣ್ಣಾಗಿ ತೇಲುತ್ತಿತ್ತು.

ಹಿಂದೆಯೇ ಬಂದ ಮುದುಕಿ ಬಾಯಿಯ ಮೇಲೆ ಕೈಯಿಟ್ಟುಕೊಂಡು ಕಲ್ಲಿನ ಮೇಲೆ ಕುಸಿದಳು. ಮುಂದಿನ ಸರದಿಯವರು ಬಾಗಿಲಿಗೆ ಬಂದು, ನೋಡಿ, ತಿರುಗಿ ಹೋದರು. ಕೊಳ ಬರಿದು ಮಾಡದೆ ಗತಿಯಿಲ್ಲ. ಬುಗ್ಗೆಯಿಂದ ನೀರು ಬರುವುದು ನೂಲಿನಷ್ಟು. ಮತ್ತೆ ತುಂಬುವಷ್ಟರಲ್ಲಿ ಮರುದಿನ ಸಂಜೆ. ಗಂಡಹೆಂಡಿರು ಊರಿಗೆ ಮರಳುವ ವಿಮಾನ ಮರುದಿನ ಬೆಳಿಗ್ಗೆ.

ಹೆಂಡತಿ ಗಂಡನ ಮುಖ ನೋಡಿದಳು.

“ನಿನಗೇನಂತೆ, ಊರಿಗೆ ಹೋದ ಮೇಲೆ ಒಂದು ಹಂಡೆ ಕಾಯಿಸಿಕೊಂಡರಾಯಿತು” ಎಂದು ಅವನು ಕೋಣೆಗೆ ಹೋದ.

ಅವಳು ಸೆರಗು ಸಿಕ್ಕಿಸಿಕೊಂಡಳು. ನೀರು ಬಸಿದ ಕೊಳಕ್ಕಿಳಿದಳು. ಮುದುಕಿಯ ಪಕ್ಕದಲ್ಲಿ ಅದೇ ಮಂಡಿಗಳನ್ನು ಕಲ್ಲಿಗೂರಿ ಗಂಡನ ಜಿಡ್ಡು ಉಜ್ಜತೊಡಗಿದಳು. ಮೇಲಿನ ಕೋಣೆಯಿಂದ ಅವನ ಮಾತು ಕೇಳಿಸುತ್ತಿತ್ತು. ಊರಿನ ನೆಂಟರಿಗೆ ಫೋನು ಮಾಡಿ ಹೇಳುತ್ತಿದ್ದ, ಎಲ್ಲಿಗಾದರೂ ಹೋಗಿ, ಈ ಹೋಟೆಲಿಗೆ ಮಾತ್ರ ಬರಬೇಡಿ, ಇಲ್ಲಿನ ಕೊಳ ಗಲೀಜು ಎಂದು.

ಶಿಷ್ಯನ ಬಾಯಿ ತೆರೆದೇ ಇತ್ತು.

“ಅವನೂ ಒಬ್ಬ ಮನುಷ್ಯನೇ ತಾಯಿ?” ಎಂದ.

ಗುರುತಾಯಿ ಎಲೆಯಡಿಕೆಯನ್ನು ಒಂದು ದವಡೆಗೆ ಸರಿಸಿದರು.

“ಬೇರೆ ಮಠ ಆರಿಸಿ ಹೇಳುತ್ತೇನೆ ಮಗಾ, ಮೊದಲು ನೀನು ಬಿಟ್ಟು ಬಂದ ಕೋಣೆಯ ಬಾಗಿಲು ತೆರೆದು ತೋರಿಸು.”